ಮನೆಯಲ್ಲೇ ಕಾರಿನ ಸರ್ವಿಸ್: ಹೊಸಬರು ಯಾವ ಕೆಲಸಕ್ಕೆ ಕೈ ಹಾಕಬಹುದು, ಯಾವುದನ್ನು ಬಿಡಬೇಕು?

ಪ್ರಶ್ನೆ

ನನ್ನ ಕಾರು ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ವಾರಂಟಿ ಮುಗಿದಿದೆ. ಸ್ಟೆಪ್ನಿ ಹಾಕುವುದನ್ನು ಬಿಟ್ಟರೆ ಬೇರೆ ಯಾವ ಕೆಲಸವೂ ನನಗೆ ರೂಢಿಯಿಲ್ಲ, ಆದರೆ ಕಲಿಯುವ ಆಸಕ್ತಿ ಇದೆ. ಈ ಸಲದ ಸರ್ವಿಸ್ ಪಟ್ಟಿಯಲ್ಲಿ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್, ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಮತ್ತು ಮುಂದಿನ ಬ್ರೇಕ್ ಪ್ಯಾಡ್‌ಗಳಿವೆ. ಇವಲ್ಲದೆ ಎರಡು ತೊಂದರೆಗಳೂ ಇವೆ: ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ ಎಳೆದೆಳೆದು ತಿರುಗುತ್ತದೆ, ಮತ್ತು ಬ್ರೇಕ್ ಒತ್ತಿದಾಗ ಮುಂದಿನ ಎಡಚಕ್ರದಿಂದ ಕೀರಲು ಶಬ್ದ ಬರುತ್ತದೆ. ನನ್ನಲ್ಲಿರುವುದು ಒಂದು ಸಾಕೆಟ್ ಸೆಟ್, ಒಂದು ಮಲ್ಟಿಮೀಟರ್ ಮತ್ತು ಕಾರಿನೊಂದಿಗೆ ಬಂದ ಜ್ಯಾಕ್ ಮಾತ್ರ. ಒಬ್ಬರು ಸುಲಭವೆಂದ ಕೆಲಸವನ್ನೇ ಇನ್ನೊಬ್ಬರು ಮುಟ್ಟಬೇಡಿ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ನಾನೇ ಮಾಡಬಹುದು, ಯಾವ ಆಧಾರದ ಮೇಲೆ ತೀರ್ಮಾನಿಸಬೇಕು?

ಉತ್ತರ

ಕೆಲಸ ಸುಲಭವೇ ಕಷ್ಟವೇ ಎಂಬ ಅಳತೆಯನ್ನು ಮೊದಲು ಪಕ್ಕಕ್ಕಿಡಿ. ನಿಮಗೆ ಸಿಕ್ಕ ಸಲಹೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಆ ಅಳತೆಯೇ ಕಾರಣ. ಅನೇಕ ಕಾರುಗಳಲ್ಲಿ ಚಕ್ರ ಕಳಚಿ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆಯ) ಎರಡು ಬೋಲ್ಟ್ ಬಿಚ್ಚಿದರೆ ಮುಂದಿನ ಬ್ರೇಕ್ ಪ್ಯಾಡ್ ಕೈಗೆ ಬರುತ್ತದೆ. ಕೆಲವು ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ತೆಗೆಯಲು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒದ್ದಾಡಬೇಕು. ಆದರೂ ಹೊಸಬರಿಗೆ ನಾನು ಸೂಚಿಸುವುದು ಎರಡನೆಯ ಕೆಲಸವನ್ನೇ.

ನೀವು ಕೇಳಿಕೊಳ್ಳಬೇಕಾದದ್ದು ಇಷ್ಟು: ಕೆಲಸ ಕೆಟ್ಟರೆ ಅದು ಕಾರು ನಿಂತಲ್ಲೇ ಗೊತ್ತಾಗುತ್ತದೆಯೋ, ಇಲ್ಲವೇ ರಸ್ತೆಯಲ್ಲಿ ವೇಗದಲ್ಲಿರುವಾಗ ಗೊತ್ತಾಗುತ್ತದೆಯೋ? ಅದರ ಜೊತೆಗೆ, ಅರ್ಧದಲ್ಲಿ ಕೈಚೆಲ್ಲಬೇಕಾಗಿ ಬಂದರೆ ಹಳೆಯ ಭಾಗವನ್ನೇ ಮರಳಿ ಕೂರಿಸಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಲು ಸಾಧ್ಯವೇ ಎಂಬುದನ್ನೂ ನೋಡಿ. ಏರ್ ಫಿಲ್ಟರ್ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ. ಬ್ರೇಕ್ ಎರಡರಲ್ಲೂ ಸೋಲುತ್ತದೆ. ಉಳಿದವು ಇವೆರಡರ ನಡುವೆ ಬರುತ್ತವೆ.

ಮೊದಲು ಸ್ಟಾರ್ಟಿಂಗ್ ತೊಂದರೆಯನ್ನು ನೋಡೋಣ, ಏಕೆಂದರೆ ಅದಕ್ಕೆ ಬೇಕಾದ ಮಲ್ಟಿಮೀಟರ್ ಈಗಾಗಲೇ ನಿಮ್ಮಲ್ಲಿದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7ರವರೆಗೆ ಇರಬೇಕು, ಅಷ್ಟು ಬಾರದಿದ್ದರೆ ಬ್ಯಾಟರಿಗಿಂತ ಮೊದಲು ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಅನುಮಾನಿಸಬೇಕು. ಹೆಚ್ಚಿನವರು ಬಿಟ್ಟುಬಿಡುವ ಇನ್ನೊಂದು ಪರೀಕ್ಷೆ ಇದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಕ್ಲಾಂಪಿಗೂ ತಾಗಿಸಿ, ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ರೀಡಿಂಗ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ಕಂಡುಬಂದರೂ ಆ ಜೋಡಣೆ ಕೊಳೆಯಾಗಿದೆ ಅಥವಾ ಸಡಿಲವಾಗಿದೆ ಎಂದರ್ಥ. ಕ್ಲಾಂಪ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಹೀಗೆ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಈ ಕ್ರಮವನ್ನು ಸಡಿಲ ಮಾಡಬೇಡಿ.

ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್ ಎರಡನ್ನೂ ನೀವೇ ಬದಲಿಸಿ. ಕ್ಯಾಬಿನ್ ಫಿಲ್ಟರಿನ ಮೇಲಿರುವ ಬಾಣದ ಗುರುತನ್ನು ಗಮನಿಸಿದರೆ ಸಾಕು. ಸ್ಪಾರ್ಕ್ ಪ್ಲಗ್ ಸ್ವಲ್ಪ ಎಚ್ಚರ ಬೇಡುವ ಕೆಲಸವಾದರೂ ಮಾಡಬಹುದಾದದ್ದೇ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಪ್ಲಗ್ ಕೂತಿರುವ ಗುಂಡಿಯ ಧೂಳನ್ನು ಮೊದಲೇ ಊದಿ ತೆಗೆದಿರಬೇಕು, ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ಹೊಸ ಪ್ಲಗ್ಗಿನ ಮೊದಲ ಕೆಲವು ಸುತ್ತುಗಳನ್ನು ರಾಚೆಟ್ ಇಲ್ಲದೆ, ಬರಿಯ ಬೆರಳಿನಿಂದ ತಿರುಗಿಸಿ, ಏಕೆಂದರೆ ಸಿಲಿಂಡರ್ ಹೆಡ್ ಅಲ್ಯುಮಿನಿಯಮ್‌ನದು. ಓರೆಯಾಗಿ ಹತ್ತಿದ ಪ್ಲಗ್ ಅದರ ಥ್ರೆಡ್ಡನ್ನು ಕೊರೆದುಹಾಕುತ್ತದೆ. ಕೊನೆಯ ಬಿಗಿತಕ್ಕೆ ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರ್) ಬಳಸಿ. ಎಷ್ಟು ಬಿಗಿಯಬೇಕೆಂಬುದನ್ನು ಆ ಎಂಜಿನ್ನಿನ ಸರ್ವಿಸ್ ಕೈಪಿಡಿಯಿಂದ ತೆಗೆದುಕೊಳ್ಳಿ, ಅಂದಾಜಿನಿಂದ ಬೇಡ.

ಕೂಲೆಂಟ್ ವಿಷಯದಲ್ಲಿ ತುಂಬಿಸುವುದು ಬೇರೆ, ಬದಲಿಸುವುದು ಬೇರೆ. ಎಂಜಿನ್ ತಣ್ಣಗಿದ್ದಾಗ ರಿಸರ್ವಾಯರಿನಲ್ಲಿ ಗುರುತಿನವರೆಗೆ ತುಂಬಿಸಬಹುದು, ಆದರೆ ಬಣ್ಣ ಹೊಂದಿತೆಂದು ಯಾವುದನ್ನೋ ಬೆರೆಸಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಎಂಜಿನ್ ಬಿಸಿಯಿರುವಾಗ ಕೂಲೆಂಟಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಿಂದಾಗಿ ನೂರು ಡಿಗ್ರಿ ದಾಟಿಯೂ ದ್ರವವಾಗಿಯೇ ಉಳಿದಿದ್ದ ಕೂಲೆಂಟ್, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಎರಚುತ್ತದೆ. ಪೂರ್ತಿ ಬದಲಿಸುವ ಕೆಲಸದಲ್ಲಿ ಒಳಗೆ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಮಿತಿಮೀರಿ ಬಿಸಿಯಾಗುವುದು ರಸ್ತೆಯ ಮೇಲೆಯೇ. ಆದ್ದರಿಂದ ಅದನ್ನು ಈ ಸಲ ಬಿಡಿ. ಹಳೆಯ ಕೂಲೆಂಟ್ ಸಿಹಿಯಾಗಿರುತ್ತದೆ, ವಿಷವೂ ಹೌದು. ಮಕ್ಕಳು ಮತ್ತು ಸಾಕುಪ್ರಾಣಿಗಳಿರುವ ಮನೆಯಲ್ಲಿ ತೆರೆದ ಪಾತ್ರೆಯಲ್ಲಿ ಇಡಲೇಬಾರದು.

ಇನ್ನು ಆಯಿಲ್. ಎಲ್ಲರೂ ಇದನ್ನು ಮೊದಲ ಪಾಠವೆನ್ನುತ್ತಾರೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆಯಿಲ್ ಇಳಿಸುವುದು ದೊಡ್ಡ ಕೆಲಸವಲ್ಲ, ಕಾರಿನ ಕೆಳಗೆ ಹೋಗುವುದು ದೊಡ್ಡದು. ಕಾರಿನೊಂದಿಗೆ ಬಂದ ಜ್ಯಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈಯನ್ನೂ ತೂರಿಸಬಾರದು. ಗಟ್ಟಿಯಾದ ಸಮತಟ್ಟು ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಕೈಪಿಡಿ ತೋರಿಸಿದ ಜಾಗದಲ್ಲಿಟ್ಟ ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಉಕ್ಕಿನ ಆಸರೆ), ಇವು ಇಲ್ಲದಿದ್ದರೆ ಈ ಕೆಲಸ ಬೇಡ. ಕೆಳಗೆ ಹೋಗುವ ಮೊದಲು ಕಾರನ್ನು ಬಲವಾಗಿ ಅಲುಗಿಸಿ ನೋಡಿ; ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಇವೆಲ್ಲ ಇದ್ದರೆ ಉಳಿದದ್ದು ಸರಳ. ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಪ್ಲಗ್ಗಿನ ವಾಷರ್ ಹೊಸದಾಗಿರಲಿ. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಬಳೆಯೂ ಜೊತೆಗೇ ಬಂದಿತೇ ಎಂದು ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೆ, ಒತ್ತಡ ಏರಿದಾಗ ಆಯಿಲ್ಲೆಲ್ಲ ನಿಮಿಷಗಳಲ್ಲಿ ಹೊರಚೆಲ್ಲಿ ಎಂಜಿನ್ ಹಾಳಾಗಬಹುದು. ಹೊಸ ಬಳೆಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿ ಮಾಡಿ. ನಿಮ್ಮ ಫಿಲ್ಟರಿನ ಪೆಟ್ಟಿಗೆಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಿ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಕೆಲವೇ ಸೆಕೆಂಡುಗಳಲ್ಲಿ ಆರದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಿ. ಆರಿದರೆ ಒಂದು ನಿಮಿಷ ಓಡಿಸಿ, ಕೆಳಗೆ ಬಗ್ಗಿ ಸೋರಿಕೆ ನೋಡಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಹೆಚ್ಚು ತುಂಬಿಸುವುದೂ ತಪ್ಪೇ, ಏಕೆಂದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ ಮತ್ತು ನೊರೆಯಿಂದ ಬೇರಿಂಗುಗಳಿಗೆ ರಕ್ಷಣೆ ಸಿಗುವುದಿಲ್ಲ. ಇಳಿಸಿದ ಆಯಿಲ್ಲನ್ನು ಚರಂಡಿಗೆ ಸುರಿಯದೆ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.

ಬ್ರೇಕ್ ಫ್ಲೂಯಿಡ್ ಮತ್ತು ಪ್ಯಾಡ್ ಗ್ಯಾರೇಜಿಗೆ. ಈ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಫ್ಲೂಯಿಡ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕಾದರೆ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ಆದರೆ ಬದಲಿಸುವಾಗ ಪೈಪಿನೊಳಗೆ ಗಾಳಿ ಉಳಿದರೆ ಪೆಡಲ್ ನೆಲಕ್ಕೆ ಇಳಿದೀತು.

ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳು, ಸಸ್ಪೆನ್ಷನ್ ಸ್ಪ್ರಿಂಗ್, ಫ್ಯೂಯಲ್ ಲೈನ್, ಏಸಿ ಗ್ಯಾಸ್ ಮತ್ತು ಟೈಮಿಂಗ್ ಬೆಲ್ಟ್ ನಿಮ್ಮ ಪಟ್ಟಿಯಲ್ಲಿಲ್ಲ, ಮುಂದೆಯೂ ಬೇಡ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರವೂ ಸುಳಿಯಬಾರದು.

ಪ್ರಶ್ನೆ ಕೇಳಿದವರಿಂದ

ಬೆಳಿಗ್ಗೆ ಅಳೆದಾಗ 12.1 ವೋಲ್ಟ್, ಎಂಜಿನ್ ಓಡುವಾಗ 14.2 ಬಂತು. ಸ್ಟಾರ್ಟ್ ಮಾಡಿಸಿ ನೋಡಿದಾಗ ನೆಗೆಟಿವ್ ಕ್ಲಾಂಪಿನಲ್ಲಿ 0.6 ವೋಲ್ಟ್ ಇತ್ತು. ಅಲ್ಲಿ ಬಿಳಿಹಸಿರು ಪುಡಿ ಕಟ್ಟಿದೆ. ಬ್ಯಾಟರಿಯನ್ನೇ ಬದಲಿಸಬೇಕೇ? ಎಡಚಕ್ರದ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಹೊರಗಿನ ಪ್ಯಾಡ್ ಸುಮಾರು ಐದು ಮಿಲಿಮೀಟರ್ ದಪ್ಪ ಇದ್ದಂತಿದೆ. ಹಾಗಾದರೆ ಕೀರಲು ಶಬ್ದ ಏಕೆ?

ಇನ್ನೊಬ್ಬರ ಅಭಿಪ್ರಾಯ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಪ್ಯಾಡ್ ವಿಷಯದಲ್ಲಿ ಅದು ಸ್ವಲ್ಪ ಅತಿಯಾಯಿತು. ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ಪ್ರತಿ ಹಂತವನ್ನೂ ನೋಡುವುದಾದರೆ ಅದು ಕಲಿಯಬಹುದಾದ ಕೆಲಸವೇ. ಫ್ಲೂಯಿಡ್ ಪೈಪನ್ನು ಬಿಚ್ಚುವ ಅಗತ್ಯವಿಲ್ಲದ್ದರಿಂದ ಗಾಳಿ ಸೇರುವ ಭಯ ಕಡಿಮೆ. ಕ್ಯಾಲಿಪರನ್ನು ಅದರ ಹೋಸಿನ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಬೇಕು, ಕ್ಯಾಲಿಪರಿನೊಳಗಿನ ಪಿಸ್ಟನ್ (ಪ್ಯಾಡನ್ನು ತಳ್ಳುವ ಭಾಗ) ಒಳಗೆ ಒತ್ತುವಾಗ ಬ್ರೇಕ್ ಫ್ಲೂಯಿಡ್ ರಿಸರ್ವಾಯರ್ ಉಕ್ಕದಂತೆ ನೋಡಿಕೊಳ್ಳಬೇಕು, ಮತ್ತು ಕಾರು ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಈ ಕೊನೆಯದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಚಕ್ರಗಳು ಬೇರೆಯೇ ಲೆಕ್ಕ. ಆ ಬ್ರೇಕನ್ನು ಮೊದಲು ಸರ್ವಿಸ್ ಮೋಡ್‌ಗೆ (ಪ್ಯಾಡ್ ಬದಲಿಸಲು ಬಿಡುವ ಸ್ಥಿತಿಗೆ) ಹಾಕಬೇಕಾಗುತ್ತದೆ.

ಮೊದಲು ಉತ್ತರಿಸಿದವರಿಂದ

ಬಲ್ಲವರು ಪಕ್ಕದಲ್ಲಿದ್ದರೆ ನನ್ನ ಆಕ್ಷೇಪವಿಲ್ಲ. ಪ್ರಶ್ನೆ ಕೇಳಿದವರು ಒಬ್ಬರೇ ಮಾಡುತ್ತಾರೆಂದು ಭಾವಿಸಿ ಬರೆದಿದ್ದೆ.

ಶಬ್ದದ ಬಗ್ಗೆ: ಹೊರಗಿನ ಪ್ಯಾಡ್ ದಪ್ಪವಾಗಿ ಕಂಡಿತೆಂದು ಸಮಾಧಾನಪಡಬೇಡಿ. ಕ್ಯಾಲಿಪರಿನ ಜಾರುವ ಪಿನ್ನುಗಳು ಸಿಕ್ಕಿಕೊಂಡರೆ ಒಳಗಿನ ಪ್ಯಾಡ್ ಒಂದೇ ಬೇಗ ಸವೆಯುತ್ತದೆ, ಮತ್ತು ಅದು ಹೊರಗಿನಿಂದ ಕಾಣುವುದಿಲ್ಲ. ಅನೇಕ ಪ್ಯಾಡುಗಳಲ್ಲಿ ಸವೆತ ಮಿತಿ ಮುಟ್ಟಿದಾಗ ಡಿಸ್ಕಿಗೆ ಉಜ್ಜಿ ಕಿರುಚುವ ಲೋಹದ ನಾಲಿಗೆಯೊಂದು ಇರುತ್ತದೆ. ನಿಮಗೆ ಕೇಳುತ್ತಿರುವುದು ಅದೇ ಇರಬಹುದು. ಮಳೆಯ ನಂತರ ಕೆಲವು ಸಲ ಬ್ರೇಕ್ ಹಾಕುವಷ್ಟರಲ್ಲಿ ನಿಲ್ಲುವ ಶಬ್ದ ಬರಿಯ ತುಕ್ಕಿನದು, ಆದರೆ ನಿಮ್ಮದು ಒಂದೇ ಚಕ್ರದಿಂದ ಸದಾ ಬರುತ್ತಿದೆ. ಈ ವಾರವೇ ಚಕ್ರ ಬಿಚ್ಚಿಸಿ ಒಳಗಿನದನ್ನು ನೋಡಿಸಿ. ಕೀರಲು ಹೋಗಿ ಕರಕರ ಉಜ್ಜುವ ಸದ್ದು ಶುರುವಾದರೆ ಕಾರನ್ನು ಓಡಿಸಬೇಡಿ.

ಬ್ಯಾಟರಿಗೆ ಈಗಲೇ ಹಣ ಹಾಕಬೇಡಿ. ನಿಮ್ಮ ಆಲ್ಟರ್ನೇಟರ್ ಸರಿಯಾಗಿದೆ, ಕ್ಲಾಂಪ್ ಸರಿಯಿಲ್ಲ. ಎರಡೂ ಕ್ಲಾಂಪ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಪುಡಿ ತೊಳೆದು, ಲೋಹ ಹೊಳೆಯುವಂತೆ ಉಜ್ಜಿ, ಒಣಗಿಸಿ ಬಿಗಿ ಮಾಡಿ. ಕೈಗವಸು ಮತ್ತು ಕನ್ನಡಕ ಇರಲಿ. ಬಳಿಕ ಚಾರ್ಜರಿನಿಂದ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. 12.5ರ ಮೇಲೆ ನಿಂತು ಎಂಜಿನ್ ಚುರುಕಾಗಿ ತಿರುಗಿದರೆ ತೊಂದರೆ ಇದ್ದದ್ದು ಜೋಡಣೆಯಲ್ಲಿ. ನೆಗೆಟಿವ್ ಕ್ಲಾಂಪ್ ಬಿಚ್ಚಿಟ್ಟಾಗಲೂ ವೋಲ್ಟೇಜ್ ಕುಸಿದರೆ ಬ್ಯಾಟರಿಯ ಆಯುಸ್ಸು ಮುಗಿದಿದೆ. ಬಿಚ್ಚಿಟ್ಟಾಗ ನಿಂತು, ಜೋಡಿಸಿದಾಗ ಕುಸಿದರೆ ಕಾರಿನಲ್ಲೇ ಏನೋ ಕರೆಂಟ್ ಕುಡಿಯುತ್ತಿದೆ. ಎಲ್ಲ ಕಂಪ್ಯೂಟರುಗಳೂ ನಿದ್ರೆಗೆ ಹೋದ ಮೇಲೆ ಅದು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಮೀರಬಾರದು. ಅದನ್ನು ಅಳೆಯುವಾಗ ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ನೆಗೆಟಿವ್ ಕಡೆ ಸರಣಿಯಲ್ಲಿ, ಅಂದರೆ ಕಂಬಕ್ಕೂ ಬಿಚ್ಚಿದ ಕ್ಲಾಂಪಿಗೂ ನಡುವೆ, ಜೋಡಿಸಿ, ಮತ್ತು ಮೀಟರ್ ಜೋಡಿಸಿರುವಾಗ ಎಂಜಿನ್ ಸ್ಟಾರ್ಟ್ ಮಾಡಬೇಡಿ. ರೀಡಿಂಗ್ ಬಂದ ಮೇಲೆ ಇಲ್ಲಿಯೇ ತಿಳಿಸಿ, ಯಾವ ಫ್ಯೂಸಿನಿಂದ ಹುಡುಕಲು ಶುರುಮಾಡಬೇಕೆಂದು ನೋಡೋಣ.