ಭಾವನೆಯೇ ಬರದಿದ್ದರೆ ನನ್ನ ಆರಾಧನೆ ಸುಳ್ಳಾ? ರಕ್ಷಣೆಯ ಬಗ್ಗೆ ಭಯ ಶುರುವಾಗಿದೆ

ಹಿಂದಿನಸಾಲು:

ಎಲ್ಲರಿಗೂ ವಂದನೆ. ತುಂಬಾ ದಿನದಿಂದ ಕೊರೆಯುತ್ತಿರುವ ವಿಷಯ ಇದು. ಇದನ್ನು ನಮ್ಮ ಸಭೆಯಲ್ಲಿ ಯಾರ ಹತ್ತಿರವೂ ಕೇಳಲು ಆಗುತ್ತಿಲ್ಲ. ನನ್ನ ಮಕ್ಕಳಿಗೆ ಪ್ರಾರ್ಥನೆ ಕಲಿಸುವ ಅಪ್ಪ ನಾನು.

ಚಿಕ್ಕಂದಿನಿಂದ ಸಭೆಗೆ ಹೋಗುತ್ತಿದ್ದೇನೆ. ದೀಕ್ಷಾಸ್ನಾನ ಆಗಿದೆ. ಯೇಸು ಸ್ವಾಮಿ ನನಗಾಗಿ ಸತ್ತು ಎದ್ದರು ಎಂದು ನಂಬುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರಾಧನೆಯಲ್ಲಿ ಮನಸ್ಸು ನಿಲ್ಲುವುದೇ ಇಲ್ಲ. ಪಕ್ಕದವರು ಕೈಯೆತ್ತಿ ಕಣ್ಣೀರು ಹಾಕುತ್ತಿರುತ್ತಾರೆ. ನಾನು ಹಾಡಿನ ಸಾಲು ಓದುತ್ತಿರುತ್ತೇನೆ, ಅಷ್ಟೇ. ಕರ್ತನ ಪ್ರಾರ್ಥನೆ ಮುಗಿದ ಮೇಲೆ, ಮಧ್ಯದ ಸಾಲು ಹೇಳಿದೆನೋ ಇಲ್ಲವೋ ಎಂದೂ ನೆನಪಿರುವುದಿಲ್ಲ.

ಈಚೆಗೆ ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ಯೆಶಾಯ 29:13 ಓದಿದರು. ಈ ಜನ ತುಟಿಯಿಂದ ನನ್ನನ್ನು ಗೌರವಿಸುತ್ತಾರೆ, ಹೃದಯ ಮಾತ್ರ ದೂರ ಇದೆ ಎನ್ನುವ ವಚನ. ಹೃದಯ ಕರಗದೆ ಆರಾಧಿಸುವವರು ತಮಗೆ ನಿಜವಾಗಿ ರಕ್ಷಣೆ ಆಗಿದೆಯಾ ಎಂದು ನೋಡಿಕೊಳ್ಳಬೇಕು ಎಂದರು. ಅವತ್ತಿನಿಂದ ನೆಮ್ಮದಿ ಇಲ್ಲ. ಹಾಡುವಾಗಲೆಲ್ಲ ಒಳಗಿನಿಂದ ‘ಇದು ನಿಜಾನಾ, ನಾಟಕಾನಾ’ ಎಂಬ ಪ್ರಶ್ನೆ ಏಳುತ್ತದೆ. ಆಮೇಲೆ ಹಾಡುವುದೂ ಇಲ್ಲ, ಪ್ರಾರ್ಥನೆಯೂ ಇಲ್ಲ. ನನ್ನನ್ನೇ ನೋಡುತ್ತಾ ನಿಂತುಬಿಡುತ್ತೇನೆ.

ಭಾವನೆ ಬರದ ಆರಾಧನೆ ಸುಳ್ಳು ಆರಾಧನೆಯಾ? ಅದು ಸುಳ್ಳಾದರೆ ನನ್ನ ರಕ್ಷಣೆಯೂ ಸುಳ್ಳಾ? ಸುಮ್ನೆ ಸಮಾಧಾನದ ಮಾತು ಬೇಡ. ವಾಕ್ಯದಲ್ಲಿ ಏನಿದೆ ಎಂದು ತಿಳಿದವರು ಹೇಳಿ.

ದೀಪದಬತ್ತಿ:

ತಮ್ಮಾ, ವಾಕ್ಯದಿಂದಲೇ ಹೇಳುತ್ತೇನೆ. ನಾನು ಬಹಳ ಕಾಲ ಸಂಡೇ ಸ್ಕೂಲ್‌ನಲ್ಲಿ ಕಲಿಸಿದವಳು. ಈಗ ಹಾಸಿಗೆ ಹಿಡಿದವರ ಹತ್ತಿರ ಕೂತು ಪ್ರಾರ್ಥಿಸುವ ಸೇವೆ ಮಾಡುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ.

ಆ ಹಿರಿಯರು ಓದಿದ ವಚನವನ್ನೇ ಯೇಸು ಸ್ವಾಮಿಯೂ ಒಮ್ಮೆ ಎತ್ತಿ ಹೇಳಿದ್ದಾರೆ. ಮತ್ತಾಯ 15ನೇ ಅಧ್ಯಾಯ ತೆಗೆಯಿರಿ. ಯಾರಿಗೆ ಹೇಳಿದರು, ಯಾವ ಸಂದರ್ಭದಲ್ಲಿ ಹೇಳಿದರು ಎಂದು ನೋಡಿ. ಅಲ್ಲಿ ಕೆಲವರು ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಇದು ದೇವರಿಗೆ ಮೀಸಲು’ ಎಂದುಬಿಡುತ್ತಿದ್ದರು. ಮಾರ್ಕ 7ರಲ್ಲಿ ಇದಕ್ಕೆ ಕೊರ್ಬಾನ್ ಎಂಬ ಹೆಸರೇ ಇದೆ. ದೇವರ ಹೆಸರು ಹೇಳಿ ಹೆತ್ತವರ ಕೈಬಿಟ್ಟವರು ಅವರು. ಅಂಥವರ ಬಗ್ಗೆ ‘ಹೃದಯ ದೂರ ಇದೆ’ ಎಂದರು. ಅವರಿಗೆ ಕಣ್ಣೀರು ಬರಲಿಲ್ಲ ಎಂಬ ದೂರು ಅಲ್ಲಿ ಇಲ್ಲವೇ ಇಲ್ಲ.

ಆಮೋಸ 5 ಓದಿ. ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ ಎಂದು ದೇವರು ಹೇಳುವ ಭಾಗ. ಯಾಕೆ ಬೇಡ? ಅದೇ ಅಧ್ಯಾಯದಲ್ಲಿ ಬಡವರನ್ನು ತುಳಿದು ಧಾನ್ಯ ಕಿತ್ತುಕೊಂಡ ಮಾತಿದೆ, ಲಂಚದ ಮಾತಿದೆ. ಯೆಶಾಯ 1:15ರಲ್ಲಿ ಪ್ರಾರ್ಥನೆಗೆ ಚಾಚಿದ ಕೈಗಳಲ್ಲಿ ರಕ್ತ ತುಂಬಿದೆ ಎನ್ನುತ್ತಾರೆ. ದೇವರು ಆರಾಧನೆಯನ್ನು ತಳ್ಳಿದ ಜಾಗಗಳಲ್ಲಿ ಇದನ್ನೇ ಮತ್ತೆ ಮತ್ತೆ ಓದುತ್ತೇವೆ. ಗಮನ ಚದುರಿತು ಎಂದು ಒಬ್ಬ ದಣಿದ ಮನುಷ್ಯನನ್ನು ಹೊರಗೆ ಹಾಕಿದ್ದು ನನಗೆ ಎಲ್ಲೂ ಸಿಕ್ಕಿಲ್ಲ.

ಈಗ ರಕ್ಷಣೆಯ ವಿಷಯ. ಲೂಕ 18ರ ಸಾಮ್ಯದಲ್ಲಿ ಇಬ್ಬರು ದೇವಾಲಯಕ್ಕೆ ಪ್ರಾರ್ಥಿಸಲು ಹೋಗುತ್ತಾರೆ: ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಒಬ್ಬ ಫರಿಸಾಯ, ಜನ ಪಾಪಿ ಎಂದು ದೂರವಿಟ್ಟಿದ್ದ ಒಬ್ಬ ಸುಂಕ ವಸೂಲಿಯವನು. ಆ ಫರಿಸಾಯನನ್ನು ನಾವು ಕಪಟಿ ಎಂದು ಬೇಗ ಹೇಳಿಬಿಡುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ಅವನು ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ. ಸಂಪಾದನೆಯಲ್ಲಿ ಹತ್ತನೇ ಒಂದು ಭಾಗ ಕೊಡುತ್ತಿದ್ದ. ದೇವರಿಗೆ ಕೃತಜ್ಞತೆಯನ್ನೂ ಹೇಳಿದ. ಅವನು ಆಡಿದ ಪ್ರತಿ ಮಾತೂ ಮನಸಾರೆ ಆಡಿದ್ದೇ ಇರಬೇಕು. ಆದರೂ ನೀತಿವಂತನೆಂಬ ತೀರ್ಪು ಪಡೆದು ಮನೆಗೆ ಹೋದದ್ದು ಸುಂಕದವನು! ಅವನು ತನ್ನ ಪಶ್ಚಾತ್ತಾಪ ಎಷ್ಟು ಆಳವಾಗಿದೆ ಎಂದು ಅಳೆಯುತ್ತಾ ನಿಲ್ಲಲಿಲ್ಲ. ಪಾಪಿಯಾದ ನನ್ನನ್ನು ಕರುಣಿಸು ಎಂದ, ಅಷ್ಟೇ. ಒಬ್ಬನ ಕಣ್ಣು ತನ್ನ ಮೇಲಿತ್ತು, ಇನ್ನೊಬ್ಬನದು ದೇವರ ಕರುಣೆಯ ಮೇಲೆ.

ಎಫೆಸ 2:8-9 ನಿಮಗೆ ಬಾಯಿಪಾಠ ಇರುತ್ತದೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಅದು ದೇವರ ವರ. ‘ನಾನು ಸಾಕಷ್ಟು ಮನಸಾರೆ ಆರಾಧಿಸಿದ್ದಕ್ಕೆ ರಕ್ಷಣೆ ಸಿಕ್ಕಿತು’ ಎಂದರೆ ಆ ಮನಸಾರೆಯೇ ಇನ್ನೊಂದು ಕ್ರಿಯೆ ಆಯಿತು, ಅಲ್ವಾ? ಕೊನೆಗೆ ಅದರ ಬಗ್ಗೆಯೂ ಹೊಗಳಿಕೊಳ್ಳಬಹುದು. ಇಲ್ಲವೇ ನಿಮ್ಮ ಹಾಗೆ ಅದು ಸಾಲದು ಎಂದು ಕೊರಗಬಹುದು. ಎರಡೂ ಶಿಲುಬೆಯಿಂದ ಕಣ್ಣು ತೆಗೆಸುತ್ತವೆ. ನಮ್ಮ ಆರಾಧನೆ ರಕ್ಷಣೆಗೆ ಕೊಡುವ ಬೆಲೆಯಲ್ಲ, ರಕ್ಷಿಸಿದವರಿಗೆ ಕೊಡುವ ಉತ್ತರ. ಉತ್ತರ ತೊದಲಬಹುದು.

ನಾನು ಭೇಟಿ ಮಾಡುವವರಲ್ಲಿ ಎಷ್ಟೋ ಜನ ನೋವಿನ ಔಷಧಿಯ ಮಂಪರಿನಲ್ಲಿ ಇರುತ್ತಾರೆ. ‘ಏನೂ ಅನಿಸುತ್ತಿಲ್ಲ ಅಕ್ಕಾ, ದೇವರು ಬಿಟ್ಟುಬಿಟ್ಟರಾ?’ ಎಂದು ಕೇಳುತ್ತಾರೆ. ಭಾವನೆಯೇ ರಕ್ಷಣೆಯ ಗುರುತಾಗಿದ್ದರೆ ಅವರಿಗೆ ಹೇಳಲು ನನ್ನಲ್ಲಿ ಯಾವ ಸುವಾರ್ತೆಯೂ ಇರುತ್ತಿರಲಿಲ್ಲ.

ಜಪಸರ:

ನಾನು ಕಥೋಲಿಕ. ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ. ಆವಿಲಾದ ಸಂತ ತೆರೇಸಾ 16ನೇ ಶತಮಾನದವರು, ಪ್ರಾರ್ಥನೆಯ ದೊಡ್ಡ ಗುರು. 1970ರಲ್ಲಿ ಅವರಿಗೆ ನಮ್ಮ ಧರ್ಮಸಭೆ ಪಂಡಿತೆಯ ಪದವಿ ಕೊಟ್ಟಿತು. ಕೆಲವು ವರ್ಷ ಪ್ರಾರ್ಥನೆಗೆ ಕೂತಾಗ ಗಂಟೆ ಯಾವಾಗ ಮುಗಿಯುತ್ತದೋ ಎಂದೇ ಕಾಯುತ್ತಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಆದರೂ ಕೂರುತ್ತಿದ್ದರು. ಭಾವನೆ ಇಲ್ಲದಾಗ ಮತ್ತೆ ಬಂದು ಕೂರುವುದೇ ಪ್ರೀತಿ ಎಂದು ನಾನು ತಿಳಿದಿದ್ದೇನೆ. ಬಾಯಿಪಾಠದ ಪ್ರಾರ್ಥನೆಯನ್ನು ಕೀಳಾಗಿ ನೋಡಬೇಡಿ. ಸ್ವಂತ ಮಾತು ಬತ್ತಿದ ದಿನ ಅದೇ ಕೈಹಿಡಿದು ನಡೆಸುವುದು.

ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತುತಿಯೂ ಇಲ್ಲ. ಆದರೂ ಅದು ದೇವರ ಮನೆಯ ಹಾಡುಪುಸ್ತಕದಲ್ಲಿದೆ.

ಇನ್ನು ರಕ್ಷಣೆ ಕೃಪೆಯಿಂದ ಎನ್ನುವ ವಿಷಯ ಬರೀ ಒಂದು ಪಂಗಡದ್ದಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ, ಮಾರ್ಟಿನ್ ಲೂಥರ್ ಪರಂಪರೆಯ ಪ್ರೊಟೆಸ್ಟೆಂಟರಾದ ಲೂಥರನ್ನರೂ ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದಲ್ಲ ಎಂದು ಅದರಲ್ಲಿದೆ. ಪವಿತ್ರಾತ್ಮರು ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕೆಲಸಕ್ಕೆ ಕರೆಯುತ್ತಾರೆ ಎಂದೂ ಇದೆ.

ಒರೆಗಲ್ಲು:

ಆ ಕೊನೆಯ ಮಾತನ್ನು ಬೇಗ ದಾಟಿಬಿಡಬೇಡಿ. ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂದು 2 ಕೊರಿಂಥ 13:5ರಲ್ಲಿ ಪೌಲನೇ ಹೇಳುತ್ತಾನೆ. ಕರ್ತನೇ ಕರ್ತನೇ ಎನ್ನುವವರೆಲ್ಲ ಪರಲೋಕ ರಾಜ್ಯ ಸೇರುವುದಿಲ್ಲ ಎಂದು ಮತ್ತಾಯ 7:21ರಲ್ಲಿದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಹೇಳುತ್ತಾನೆ. ಆ ಹಿರಿಯರು ಪರೀಕ್ಷೆ ಬೇಕು ಎಂದದ್ದು ಸರಿ. ಆದರೆ ಪರೀಕ್ಷಿಸಬೇಕಾದ ಜಾಗ ಬೇರೆ.

ಮೆಥಡಿಸ್ಟ್ ಪಂಗಡಕ್ಕೆ ಮೂಲನಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯನ್ನು ನೋಡಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾಯಿತು. ಎಲ್ಲರೂ ಆ ದಿನವನ್ನೇ ಹೇಳುತ್ತಾರೆ. ಆದರೆ 1739ರ ಜನವರಿಯಲ್ಲಿ ಅವನೇ ತನ್ನ ದಿನಚರಿಯಲ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ಬರೆದ. ಒಳಗಿನ ಬಿಸಿ ಅಷ್ಟು ಬೇಗ ಏರಿಳಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅವನು ಬ್ರಿಸ್ಟಲ್ ಹತ್ತಿರ ಬಯಲಿನಲ್ಲಿ ನಿಂತು ಸಾರಲು ಶುರು ಮಾಡಿದ. ಚರ್ಚಿನ ಹತ್ತಿರ ಸುಳಿಯದ ಕಲ್ಲಿದ್ದಲು ಗಣಿಯ ಕೂಲಿಗಳು ಬಂದು ಕೇಳಿದರು. ಹಿಂದಿನಸಾಲು ಅವರೇ, ನಿಮ್ಮ ಎದೆ ಎಷ್ಟು ಬಿಸಿ ಇದೆ ಎಂದು ನೋಡಿಕೊಳ್ಳುವುದನ್ನು ಬಿಡಿ. ಯಾರ ಜೊತೆ ಮಾತು ಬಿಟ್ಟಿದ್ದೀರಿ, ಯಾರಿಗೆ ಕೊಡಬೇಕಾದದ್ದು ಕೊಟ್ಟಿಲ್ಲ, ಅದನ್ನು ನೋಡಿ.

ಹಿಂದಿನಸಾಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊರ್ಬಾನ್ ವಿಷಯ ನಾನು ಯಾವತ್ತೂ ಹೀಗೆ ಜೋಡಿಸಿ ಓದಿರಲಿಲ್ಲ. ಅಕ್ಕಾ, ಇನ್ನೊಂದೇ ಕೇಳುತ್ತೇನೆ. ‘ನನ್ನದೆಲ್ಲವನ್ನೂ ನಿನಗೆ ಕೊಟ್ಟೆ’ ಎನ್ನುವಂಥ ಹಾಡು ಬಂದಾಗ ಏನು ಮಾಡಲಿ? ನಾನು ಎಲ್ಲ ಕೊಟ್ಟಿಲ್ಲ ಎಂದು ನನಗೆ ಗೊತ್ತು. ಹಾಡಿದರೆ ಸುಳ್ಳಾಗುತ್ತದೆ.

ದೀಪದಬತ್ತಿ:

ಈ ಅಳುಕು ಒಳ್ಳೆಯದೇ ತಮ್ಮಾ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದಿರುವುದೇ ಮೇಲು ಎಂದು ಪ್ರಸಂಗಿ 5:5ರಲ್ಲಿದೆ. ಆ ಸಾಲು ಬಂದಾಗ ಸುಮ್ಮನಿದ್ದರೂ ಪರವಾಗಿಲ್ಲ. ನಾನಾದರೆ ಅದನ್ನು ಬೇಡಿಕೆಯಾಗಿ ಹಾಡುತ್ತೇನೆ: ಕರ್ತನೇ, ಕೊಡುವ ಹಾಗೆ ನನ್ನನ್ನು ಮಾಡು. ಮಾರ್ಕ 9:24ರಲ್ಲಿ ಒಬ್ಬ ತಂದೆ ಹೀಗೇ ಕೂಗಿದ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದ. ಪೂರ್ತಿ ನಂಬಿಕೆ ಬಂದ ಮೇಲೆ ಬಾ ಎಂದು ಯೇಸು ಸ್ವಾಮಿ ಅವನನ್ನು ಕಳಿಸಲಿಲ್ಲ. ಅವನ ಮಗನನ್ನು ಆಗಲೇ ವಾಸಿ ಮಾಡಿದರು.

ಮಕ್ಕಳಿಗೆ ಪ್ರಾರ್ಥನೆ ಕಲಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಆ ಹಿರಿಯರ ಹತ್ತಿರವೂ ಒಮ್ಮೆ ಹೋಗಿ. ಮತ್ತಾಯ 15 ತೆಗೆದಿಟ್ಟು ಇಬ್ಬರೂ ಜೊತೆಗೆ ಓದಿ. ಅವರಿಗೂ ಇದೇ ಭಯ ಇರಬಹುದು.