ಪದಚರ್ಚೆ: ಆಸ್ಪತ್ರೆಯ ಫಲಕಕ್ಕೆ ‘ಹಸ್ತ ನೈರ್ಮಲ್ಯ’ ಬೇಡ

ಮೇಡಂ, ಆಸ್ಪತ್ರೆಯ ಫಲಕದಲ್ಲಿ ‘ಹ್ಯಾಂಡ್ ಹೈಜೀನ್’ಗೆ ಕನ್ನಡದಲ್ಲಿ ಏನು ಬರೆಯಬೇಕೆಂದು ನಮ್ಮ ಪದಚರ್ಚೆಯ ಗುಂಪಿನಲ್ಲಿ ಕೇಳಿದ್ದೀರಿ, ಫಲಕ ನಾಳೆ ಅಚ್ಚಿಗೆ ಹೋಗಬೇಕೆಂದೂ ಬರೆದಿದ್ದೀರಿ. ಹಾಗಾಗಿ ಉತ್ತರ ಮೊದಲು: ‘ಕೈ ಶುಚಿ’ ಎಂದು ಹಾಕಿಸಿ.

‘ಹಸ್ತ ನೈರ್ಮಲ್ಯ’ವನ್ನು ನಾನು ಒಪ್ಪುವುದಿಲ್ಲ. ನಿರ್ಮಲವೆಂದರೆ ಮಲವಿಲ್ಲದ್ದು, ಕೊಳೆಯಿಲ್ಲದ್ದು. ಆಸ್ಪತ್ರೆಯಲ್ಲಿ ಸೋಂಕನ್ನು ಹಾಸಿಗೆಯಿಂದ ಹಾಸಿಗೆಗೆ ದಾಟಿಸುವುದು ಹೆಚ್ಚಾಗಿ ಕೊಳೆ ಕಾಣದ ಕೈಯೇ. ಹೈಜೀನ್ ಪದದ ಗ್ರೀಕ್ ಮೂಲದಲ್ಲೂ ಇರುವುದು ಆರೋಗ್ಯ, ಕೊಳೆಯ ಮಾತಲ್ಲ. ‘ಶುಚಿಯೂ ಸಂಸ್ಕೃತವೇ’ ಎನ್ನುವವರಿಗೆ: ಹೌದು, ಆದರೆ ಅದು ನಮ್ಮ ಅಡುಗೆಮನೆಯಲ್ಲಿ ಬಳಸಿ ಪಳಗಿದ ಪದ.

‘ಕೈ ತೊಳೆಯುವುದು’ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ ಹ್ಯಾಂಡ್ ರಬ್ (ನೀರಿಲ್ಲದೆ ಕೈಗೆ ಹಚ್ಚುವ ಆಲ್ಕೋಹಾಲ್ ದ್ರಾವಣ) ಉಜ್ಜುವುದಕ್ಕೆ 20–30 ಸೆಕೆಂಡು, ಸೋಪು ನೀರಿಗೆ 40–60 ಸೆಕೆಂಡು. ಎರಡಕ್ಕೂ ಒಪ್ಪುವ ಹೆಸರು ಬೇಕು.

‘ಮಡಿಗೈ’ ಎಂಬ ಸಲಹೆ ಓದಿ ಸಿಟ್ಟು ಬಂತು. ಮಡಿ ಎನ್ನುವುದು ‘ಮುಟ್ಟಬೇಡ’ ಎನ್ನುವ ಪದ; ಸಿಸ್ಟರ್ ಕೆಲಸವೇ ಮುಟ್ಟುವುದು. ದಯವಿಟ್ಟು ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಸಿಬ್ಬಂದಿ ಕೈ ಶುಚಿ ಮಾಡಿಕೊಳ್ಳಲೇಬೇಕಾದ ‘ಫೈವ್ ಮೊಮೆಂಟ್ಸ್’ಗೆ ‘ಐದು ಕ್ಷಣಗಳು’ ಎನ್ನುವುದೂ ತಪ್ಪು, ‘ಐದು ಸಂದರ್ಭಗಳು’ ಆಗಲಿ. ಐದನೆಯದರಲ್ಲಿ ‘ರೋಗಿಯ ಪರಿಸರ’ ಎಂದು ಮಾತ್ರ ಬರೆಯಬೇಡಿ. ಕಳೆದ ವರ್ಷ ತಾಯಿಯ ಹಾಸಿಗೆಯ ಪಕ್ಕ ಹನ್ನೊಂದು ರಾತ್ರಿ ಕುಳಿತಿದ್ದೆ. ಎದುರು ಗೋಡೆಯಲ್ಲಿ ‘ರೋಗಿಯ ಪರಿಸರ ಸ್ಪರ್ಶಾನಂತರ’ ಎಂದಿತ್ತು. ಅದರ ಕೆಳಗೇ ಆಯಾ ಒಬ್ಬರು ಅಮ್ಮನ ಮಂಚದ ಕಂಬಿ ಒರೆಸಿ, ಅದೇ ಗ್ಲೌಸಿನಲ್ಲಿ ಪಕ್ಕದ ಹಾಸಿಗೆಯವರಿಗೆ ನೀರು ಕುಡಿಸಿದರು. ಕೇಳಿದರೆ, ‘ಗ್ಲೌಸ್ ಹಾಕಿದ್ದೇನಲ್ಲ’ ಎಂದರು. ಪರಿಸರವೆಂದರೆ ಅವರಿಗೆ ಗಿಡಮರ. ಅವರದೇನು ತಪ್ಪು? ‘ಮಂಚ, ಕಂಬಿ, ಡ್ರಿಪ್ ಸ್ಟ್ಯಾಂಡ್ ಮುಟ್ಟಿದ ಮೇಲೆ’ ಎಂದು ಬರೆಯಿರಿ.

ಪದವೊಂದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ, ಅದೂ ಗೊತ್ತು. ಆ ವಾರ್ಡಿನಲ್ಲಿ ಸಿಂಕು ಇದ್ದದ್ದು ಕಾರಿಡಾರಿನ ತುದಿಯಲ್ಲಿ. ರಾತ್ರಿ ಪಾಳಿಯ ಸಿಸ್ಟರ್ ಬೆರಳ ಗೆಣ್ಣುಗಳು ಒಡೆದಿದ್ದವು, ‘ಉಜ್ಜಿದರೆ ಉರಿಯುತ್ತದೆ ಸರ್’ ಎಂದರು. ಆದರೂ ಓದಿದರೆ ತಿಳಿಯುವ ಫಲಕವನ್ನಾದರೂ ನಾವು ಕೊಡಬಹುದು.

ಕೊನೆಯದಾಗಿ, ‘ಕೈಗವಸು’ ಬೇಡ, ‘ಗ್ಲೌಸ್’ ಇರಲಿ. ‘ಆಯಾ’ ಪೋರ್ಚುಗೀಸರಿಂದ ಬಂದ ಪದ, ಈ ಗುಂಪಿನಲ್ಲಿ ಯಾರೂ ಅದಕ್ಕೆ ತಗಾದೆ ತೆಗೆದಿಲ್ಲ. ಫಲಕದ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಇದನ್ನು ಹಾಕಿಸಿ: ‘ಗ್ಲೌಸ್ ತೆಗೆದ ಮೇಲೂ ಕೈ ಶುಚಿ ಮಾಡಿಕೊಳ್ಳಿ.’