ಹತ್ತನೇ ತರಗತಿಗೆ ಬಂದ ಮಕ್ಕಳಿಗೆ ಕೈತೋಟದ ಪೀರಿಯಡ್ ಬೇಡವೇ?

ಪ್ರಶ್ನೆ: ಪೋಷಕರು, ಹೊಸನಗರ ತಾಲ್ಲೂಕು

ನನ್ನ ಮಗಳ ಶಾಲೆಯಲ್ಲಿ ಒಂಬತ್ತನೇ ತರಗತಿಯವರೆಗೆ ವಾರಕ್ಕೆ ಎರಡು ಪೀರಿಯಡ್ ಕೈತೋಟಕ್ಕೆ ಮೀಸಲಾಗಿತ್ತು. ಅಲ್ಲಿ ಕಲಿತದ್ದರಿಂದಲೇ ಅವಳು ಮನೆಯಲ್ಲಿ ಕಾಳುಮೆಣಸಿನ ಕುಡಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟು ಚಿಗುರಿಸಿದಳು. ಈ ವರ್ಷ ಅವೆರಡೂ ಪೀರಿಯಡ್‌ಗಳು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವುದಕ್ಕೆ ಹೋಗಿವೆ. ಪೋಷಕರ ಸಭೆಯಲ್ಲಿ ವಿಚಾರಿಸಿದಾಗ, ‘ನಾಳೆ ಎಲ್ಲರೂ ಕೇಳುವುದು 625ಕ್ಕೆ ಎಷ್ಟು ಬಂತು ಎಂದಲ್ಲವೇ?’ ಎಂಬ ಉತ್ತರ ಬಂತು. ನನಗೆ ಮರುಮಾತು ಹೊಳೆಯಲಿಲ್ಲ. ಶಾಲೆ ಒತ್ತು ಕೊಡಬೇಕಾದದ್ದು ಕೌಶಲಕ್ಕೋ, ಪರೀಕ್ಷೆಗೋ?

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ

ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲೇ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದುವ ಪ್ರಯೋಗವಿದೆ. ನೀಲಿ ಬಣ್ಣ ಮಾಸುತ್ತದೆ, ಮೊಳೆಗೆ ಕಂದು ಲೇಪ ಬರುತ್ತದೆ. ದ್ರಾವಣದಲ್ಲಿದ್ದ ತಾಮ್ರದ ಜಾಗಕ್ಕೆ ಕಬ್ಬಿಣ ಬರುವ ಇದನ್ನು ಮಕ್ಕಳು ‘ಸ್ಥಾನಪಲ್ಲಟ ಕ್ರಿಯೆ’ ಎಂದು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅದೇ ಮಕ್ಕಳ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆಂದು 1 ಕಿಲೋ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕೂಡಿಸುತ್ತಾರೆ, ಹದ ನೋಡಲು ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಒಂದು ವರ್ಷ ನಾನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದನ್ನೇ ತರಗತಿಯಲ್ಲಿ ಕೂಡಿಸಿದೆ. ಕತ್ತಿ ತಾಮ್ರದ ಲೇಪದಿಂದ ಕೆಂಪಾಗಿ ಮೇಲೆ ಬಂದಾಗ, ಕಿರುಪರೀಕ್ಷೆಗಳಲ್ಲಿ ಎಂದೂ ಎರಡಂಕಿ ಮುಟ್ಟದಿದ್ದ ಹುಡುಗನೊಬ್ಬ ಹಿಂದಿನ ಬೆಂಚಿನಿಂದ, ‘ಸುಣ್ಣ ಸಾಲಲಿಲ್ಲ ಸಾರ್, ಹೀಗೇ ಹೊಡೆದರೆ ಎಳೆಗಾಯಿ ಸುಡುತ್ತದೆ’ ಎಂದ. ಅವನಿಗೆ ಗೊತ್ತಿದ್ದುದನ್ನು ನನ್ನ ಯಾವ ಪ್ರಶ್ನೆಪತ್ರಿಕೆಯೂ ಅಲ್ಲಿಯವರೆಗೆ ಕೇಳಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಉತ್ತರ: ಓದುಗರು, ಶಿವಮೊಗ್ಗ ನಗರ

ಮೇಷ್ಟ್ರ ಅನುಭವದ ಬಗ್ಗೆ ಗೌರವವಿದೆ, ಆದರೆ ಪರೀಕ್ಷೆಯ ಪರವಾಗಿ ನಾನು ಮಾತನಾಡಲೇಬೇಕು. ನಾನು ತೋಟದ ಕೂಲಿಯವರ ಮಗಳು. ಅಕ್ಷರ ಕಲಿಯುವ ಮೊದಲೇ ಅಡಿಕೆ ಸುಲಿಯುವುದನ್ನು ಕಲಿತವಳಿಗೆ ಕೈಕೆಲಸದ ಕೊರತೆಯೇನೂ ಇರಲಿಲ್ಲ. ನನ್ನ ಹೆಸರಾಗಲಿ, ಮನೆತನವಾಗಲಿ ತಿಳಿಯದ ಮೌಲ್ಯಮಾಪಕರೊಬ್ಬರು ಎಲ್ಲರಿಗೂ ಒಂದೇ ಆಗಿದ್ದ ಪ್ರಶ್ನೆಪತ್ರಿಕೆಗೆ ನಾನು ಬರೆದ ಉತ್ತರವನ್ನಷ್ಟೇ ನೋಡಿ ಅಂಕ ಕೊಟ್ಟದ್ದರಿಂದ ನನಗೆ ಪಿಯುಸಿಯಲ್ಲಿ ಬೇಕಾದ ಸೀಟು ಸಿಕ್ಕಿತು. ಕೌಶಲವನ್ನು ಊರಿನವರೇ ಅಳೆಯುವುದಾದರೆ ಯಾರ ಮಕ್ಕಳಿಗೆ ಹೆಚ್ಚು ಅಂಕ ಹೋಗುತ್ತದೆ ಎಂದು ಯೋಚಿಸಿ. 1953ರಲ್ಲಿ ಮದರಾಸು ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಾಗ, ಇದು ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುತ್ತದೆ ಎಂಬ ತೀವ್ರ ವಿರೋಧ ಬಂದು, ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಆ ಭಯ ನನಗೆ ಇಂದಿಗೂ ಇದೆ.

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ

ಸಹೋದರಿಯವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ, ಹೆಸರರಿಯದವರೇ ತಿದ್ದಲಿ. ಬದಲಾಗಬೇಕಾದದ್ದು ಪ್ರಶ್ನೆ. ‘ಸ್ಥಾನಪಲ್ಲಟ ಕ್ರಿಯೆ ಎಂದರೇನು?’ ಎನ್ನುವ ಬದಲು ‘ಅದ್ದಿದ ಕತ್ತಿ ಕೆಂಪಾಗಿದೆ, ಇನ್ನೇನು ಸೇರಿಸಬೇಕು, ಏಕೆ?’ ಎಂದು ಕೇಳಿದರೆ, ಬೀದರಿನ ಮೌಲ್ಯಮಾಪಕರೂ ಅದನ್ನು ನ್ಯಾಯವಾಗಿ ತಿದ್ದಬಲ್ಲರು. ಅಂಥ ಪ್ರಶ್ನೆಗೆ ಉತ್ತರಿಸಲು ತೋಟದ ಒಡೆಯರ ಮಗನೂ ಕೂಲಿಯವರ ಮಗಳೂ ಶಾಲೆಯಲ್ಲಿ ಒಮ್ಮೆ ಕೈಯಾರೆ ಮಾಡಿ ನೋಡಿರಬೇಕು. ಆ ಪೀರಿಯಡ್ ಉಳಿಯಬೇಕಾದದ್ದು ಅದಕ್ಕಾಗಿಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮುಂದಿನ ಸಭೆಯಲ್ಲಿ ಎರಡರಲ್ಲಿ ಒಂದು ಪೀರಿಯಡ್ಡನ್ನಾದರೂ ವಿಜ್ಞಾನದ ಶಿಕ್ಷಕರ ಜೊತೆಗೂಡಿ ಹೀಗೆ ಬಳಸಿಕೊಳ್ಳಿ ಎಂದು ಕೇಳುತ್ತೇನೆ. ಮೈಲುತುತ್ತ, ಸುಣ್ಣ ಮತ್ತು ಬಕೆಟ್ಟನ್ನು ನಮ್ಮ ಮನೆಯಿಂದಲೇ ಕಳುಹಿಸುತ್ತೇನೆ.